ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಿಂದ ಜರ್ಮನ್ ಕಲಿತೆ: ನನ್ನ ಅನುಭವ

ಹೋದ ತಿಂಗಳು ಜರ್ಮನ್ ಭಾಷೆಯ ಬಿ2 ಪರೀಕ್ಷೆ ರಿಸಲ್ಟ್ ಬಂತು (ಎ1 ಮೊದಲ ಮೆಟ್ಟಿಲು, ಆಮೇಲೆ ಎ2, ಬಿ1, ಬಿ2), ಪಾಸಾಯ್ತು, ಅದಕ್ಕೇ ಧೈರ್ಯವಾಗಿ ಬರೀತಿದೀನಿ. ನಾಲ್ಕು ವರ್ಷದ ಹಿಂದೆ "ಇಂಗ್ಲಿಷ್ ಬಿಟ್ಟು ಕನ್ನಡದಿಂದಲೇ ನೇರವಾಗಿ ಜರ್ಮನ್ ಕಲೀತೀನಿ" ಅಂದಾಗ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಇರೋ ನಮ್ಮ ಕನ್ನಡದವರಲ್ಲಿ ಒಬ್ಬರೂ ಒಪ್ಪಲಿಲ್ಲ. ಇಂಗ್ಲಿಷು ಜರ್ಮನ್ನು ಅಕ್ಕ ತಂಗೀರು, ನೀನ್ಯಾಕೆ ಸುತ್ತು ಬಳಸಿ ಹೋಗ್ತೀಯಾ ಅಂತ ಎಲ್ಲರದ್ದೂ ಒಂದೇ ಮಾತು. ನಮ್ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ, ಕಲಿಯೋ ಅಗತ್ಯವೇ ಏನಿದೆ ಅಂದ್ರು. ಅವರ ಆಫೀಸಲ್ಲಿ ಪೂರ್ತಿ ಇಂಗ್ಲಿಷ್. ಪಿಆರ್‌ಗೆ, ಅಂದ್ರೆ ಇಲ್ಲೇ ಕಾಯಂ ಇರೋ ಪರ್ಮಿಟ್‌ಗೆ, ಆಗ ಬ್ಲೂ ಕಾರ್ಡ್‌ನವರಿಗೆ (ಹೆಚ್ಚು ಓದಿದವರಿಗೆ ಕೊಡೋ ಕೆಲಸದ ಪರ್ಮಿಟ್) ಬಿ1 ಇದ್ರೆ 21 ತಿಂಗಳು, ಎ1 ಇದ್ರೆ 33 ತಿಂಗಳು (ಈಗ ಆ 33 ಇಳಿದು 27 ಆಗಿದೆ), ಒಂದು ವರ್ಷ ತಡ ಆದ್ರೆ ಆಗ್ಲಿ ಅಂತ ಎ1 ಬರೆದು ಮುಗಿಸಿಬಿಟ್ರು. ಬ್ಲೂ ಕಾರ್ಡ್‌ನವರ ಹೆಂಡ್ತಿಗೆ ವೀಸಾಗೆ ಎ1 ಕೂಡ ಬೇಡ, ಹಾಗಾಗಿ ನಾನು 2018ರಲ್ಲಿ ಒಂದಕ್ಷರ ಗೊತ್ತಿಲ್ದೆ ಇಲ್ಲಿ ಬಂದಿಳಿದೆ. ಆಗ ಅದು ಅನುಕೂಲ ಅನ್ನಿಸಿತ್ತು. ಆಮೇಲೆ ಎರಡು ವರ್ಷ ನಾನು ಮೂಕಿ ತರ ಬದುಕಿದ್ದು ಅದರಿಂದಲೇ.

ಕಲೀಲೇಬೇಕು ಅಂತ ಹಟ ಹುಟ್ಟಿದ್ದು ಕಿಂಡರ್‌ಗಾರ್ಟನ್ ಬಾಗಿಲಲ್ಲಿ. ಮಗಳನ್ನ ಬಿಡೋಕೆ ಹೋದಾಗ ಟೀಚರ್ ಏನೋ ಹೇಳಿದ್ರು, ಬಾಗಿಲಿಗೆ ಅಂಟಿಸಿದ್ದ ಹಳದಿ ಕಾಗದ ತೋರಿಸಿದ್ರು, ನಾನು "ಯಾ, ಯಾ" ಅಂತ ತಲೆ ಆಡಿಸಿ ಬಂದೆ. ಮರುದಿನಾನೂ ಅದೇ. ಆ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಇದ್ದ ಪದ "ಲೊಯ್ಜೆ", ಅಂದ್ರೆ ಹೇನು. ಕ್ಲಾಸಲ್ಲಿ ಹೇನು ಬಂದಿದೆ, ಮಕ್ಕಳ ತಲೆ ನೋಡಿ, ಇದ್ರೆ ಔಷಧಿ ಹಾಕಿಯೇ ಕಳಿಸಿ ಅಂತ. ಮೂರನೇ ದಿನ ಮಗಳು ತಲೆ ಕೆರ್ಕೊಳ್ತಿದ್ದಾಗ ನೋಡ್ತೀನಿ, ಕಿವಿ ಹಿಂದೆಲ್ಲ ಸೀರು. ಬೇರೆ ಅಮ್ಮಂದಿರು ನನ್ನ ಜೊತೆ ಜಗಳ ಆಡಲಿಲ್ಲ, ಮಾತೂ ಆಡಲಿಲ್ಲ. ಮಗಳನ್ನ ಒಂದು ಬರ್ತ್‌ಡೇಗೆ ಕರೀಲಿಲ್ಲ. ಅವತ್ತು ರಾತ್ರಿ ನಾನು ತುಂಬಾ ಅತ್ತಿದೀನಿ.

ಇನ್ನು ದುಡ್ಡಿನ ಕಥೆ. ಹೊರಗಿಂದ ಬಂದವರಿಗೆ ಸರ್ಕಾರದ ಇಂಟೆಗ್ರೇಷನ್ ಕೋರ್ಸ್ ಇದೆ, 600 ಗಂಟೆ ಭಾಷೆ, 100 ಗಂಟೆ ಕಾನೂನು, ಇತಿಹಾಸ, ಖರ್ಚೂ ಕಮ್ಮಿ. ಆದ್ರೆ ನಮ್ಮ ಹತ್ತಿರ ಇದ್ದಿದ್ದು ಬೆಳಗಿನ ಬ್ಯಾಚು, ಮಗಳಿಗೆ ಸಿಕ್ಕಿದ್ದು ಅರ್ಧ ದಿನದ ಸೀಟು, ಟೈಮ್ ಕೂಡಿ ಬರಲಿಲ್ಲ. ಸಂಜೆ ಒಂದು ಪ್ರೈವೇಟ್ ಕ್ಲಾಸಿಗೆ ಸೇರಿದೆ, ಎರಡು ಲೆವೆಲ್‌ಗೆ ಸುಮಾರು 800 ಯೂರೋ. ಅಲ್ಲಿ ಎಲ್ಲಾ ವಿವರಣೆ ಇಂಗ್ಲಿಷಲ್ಲಿ. ಆ್ಯಪ್‌ಗೆ ವರ್ಷಕ್ಕೆ 70. ಆನ್‌ಲೈನ್ ಟ್ಯೂಟರ್ ಗಂಟೆಗೆ 18ರ ತರ ಹತ್ತು ಕ್ಲಾಸು. ಎಲ್ಲಾ ಸೇರಿ ಒಂದು ಲಕ್ಷ ರೂಪಾಯಿ ಹತ್ತಿರ ಹೋಯ್ತು, ನನಗೆ ಬಂದಿದ್ದು ಹೆಸರು ಊರು ಹೇಳೋದು, ಕಾಫಿ ಕೇಳೋದು.

ತಪ್ಪು ಎಲ್ಲಿ ಅಂತ ಗೊತ್ತಾಗಿದ್ದು ಒಂದು ಚಳಿಗಾಲ. "ಇಶ್ ಬಿನ್ ಕಲ್ಟ್" ಅಂದೆ, ಇಂಗ್ಲಿಷಿನ ಐ ಆ್ಯಮ್ ಕೋಲ್ಡ್ ತಲೇಲಿಟ್ಕೊಂಡು. ಕೆಳಗಿನ ಮನೆ ಅಜ್ಜಿ ತಿದ್ದಿದ್ರು, "ಮೀರ್ ಇಸ್ಟ್ ಕಲ್ಟ್". ಮೀರ್ ಅಂದ್ರೆ ನನಗೆ. ನನಗೆ ಚಳಿ! ಅರೆ, ಇದು ಕನ್ನಡ ಅಲ್ವಾ ಅನ್ನಿಸ್ತು. ಮನೆಗೆ ಬಂದು ಹಳೇ ನೋಟ್ಸ್ ಎಲ್ಲಾ ತೆಗೆದು ಕೂತೆ. "ವೈಲ್ ಮೈನೆ ಟೊಖ್ಟರ್ ಫೀಬರ್ ಹಟ್". ಮಗಳಿಗೆ ಜ್ವರ ಇದೆ, ಅದಕ್ಕೆ. ಇಂಗ್ಲಿಷಲ್ಲಿ ಹ್ಯಾಸ್ ಮಧ್ಯಕ್ಕೆ ಬರುತ್ತೆ, ಜರ್ಮನ್‌ಲ್ಲಿ ನಮ್ಮ "ಇದೆ" ತರ ಕೊನೇಲಿ ಕೂರುತ್ತೆ. ಕ್ಲಾಸಲ್ಲಿ ಇದನ್ನ ಹೇಳಿಕೊಡೋಕೆ ಎರಡು ವಾರ ತಗೊಂಡಿದ್ರು, ಕ್ರಿಯಾಪದನ ಹಿಂದಕ್ಕೆ ತಳ್ಳಿ, ತಳ್ಳಿ ಅಂತ. ನಮಗೆ ಅದು ತಳ್ಳೋದೇ ಬೇಡ, ಅಲ್ಲೇ ಇದೆ!

ಸರಿ, ವೈಲ್ (ಯಾಕಂದ್ರೆ), ದಸ್ (ಏನಂದ್ರೆ) ಇದ್ದಾಗ ಹೀಗೆ, ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗಕ್ಕೆ ಬರುತ್ತಲ್ಲ, ಆಗೇನು ಅಂತ ಕೇಳ್ತೀರ. ಇದಕ್ಕೆ ನಾನು ಕಂಡುಕೊಂಡಿದ್ದು ನೋಡಿ. ಮೊದಲು ಪೂರ್ತಿ ಕನ್ನಡದ ಕ್ರಮದಲ್ಲಿ ಬರ್ಕೊಳ್ತೀನಿ: ನಾನು ನಾಳೆ ಡಾಕ್ಟ್ರಿಗೆ ಫೋನ್ ಮಾಡ್ತೀನಿ. ಈಗ "ಮಾಡ್ತೀನಿ" ಮಾತ್ರ ಕೆಂಪು ಪೆನ್ನಲ್ಲಿ ಎಳೆದು "ನಾನು" ಪಕ್ಕಕ್ಕೆ ತರ್ತೀನಿ, "ಫೋನ್" ಅಲ್ಲೇ ಕೊನೇಲಿ ಉಳಿಯುತ್ತೆ. ಇಶ್ ರೂಫೆ ಮೊರ್ಗನ್ ಡೇನ್ ಆರ್ಟ್ಸ್ಟ್ ಆನ್. ರೂಫೆ ನಮ್ಮ ಮಾಡ್ತೀನಿ, ಕೊನೇಲಿ ಒಂಟಿಯಾಗಿ ನಿಂತಿರೋ ಆನ್ ನಮ್ಮ ಫೋನ್. ಎಲ್ಲರೂ ಒದ್ದಾಡೋ ಈ ಒಡೆಯೋ ಕ್ರಿಯಾಪದಗಳು ನನಗೆ ಒಂದೇ ವಾರದಲ್ಲಿ ಕೈಗೆ ಬಂದ್ವು. ಮೂರು ಯೂರೋ ನೋಟ್‌ಬುಕ್ಕು, ಒಂದು ಕೆಂಪು ಪೆನ್ನು, ಅಷ್ಟೇ ಖರ್ಚು. ದಿನಕ್ಕೆ ಹತ್ತು ವಾಕ್ಯ, ಅದೂ ಪುಸ್ತಕದ್ದಲ್ಲ, ಅವತ್ತು ನಾನು ಮನೇಲಿ ನಿಜವಾಗ್ಲೂ ಆಡಿದ್ದು.

ವಿಭಕ್ತಿಲಿ ಮಾತ್ರ ಹುಷಾರು. "ಗೆ" ಬಂದ್ರೆ ಡಾಟಿವ್, "ಅನ್ನು" ಬಂದ್ರೆ ಅಕುಸಾಟಿವ್ ಅಂತ ಕಣ್ಮುಚ್ಚಿ ಹಾಕ್ತಾ ಹೋದೆ, ಬಹಳ ಕಡೆ ಸರಿ ಹೋಯ್ತು, ಅಡುಗೆಮನೇಲಿ ಕೈ ಕೊಡ್ತು. ಅಡುಗೆಮನೇಲಿ ಇದ್ರೆ ಇನ್ ಡೇರ್ ಕ್ಯೂಷೆ, ಅಡುಗೆಮನೆಗೆ ಹೋದ್ರೆ ಇನ್ ಡೀ ಕ್ಯೂಷೆ, ಅಂದ್ರೆ ಇಲ್ಲಿ ನಮ್ಮ "ಗೆ" ಅಕುಸಾಟಿವ್‌ಗೆ ಹೋಗುತ್ತೆ. ಜಾಗದ "ಗೆ" ಬೇರೆ, ಮನುಷ್ಯರಿಗೆ ಕೊಡೋ "ಗೆ" ಬೇರೆ ಅಂತ ಎರಡು ಪುಟ ಮಾಡಿಕೊಂಡ ಮೇಲೆ ನಿಂತಿತು. ಯಾವ ನಾಮಪದಕ್ಕೆ ಯಾವ ಲಿಂಗ ಅಂತ ಹೇಳೋ ಡೇರ್ ಡೀ ದಸ್ ನೆನಪಿಟ್ಕೊಳ್ಳೋದಕ್ಕೂ ನನ್ನದೇ ಒಂದು ದಾರಿ ಇದೆ, ಅದನ್ನ ಇಲ್ಲಿ ಬಿಚ್ಚಿಡಲ್ಲ, ಭಾನುವಾರ ನಮ್ಮನೆಗೆ ಜರ್ಮನ್ ಕಲಿಯೋಕೆ ಬರೋ ಹೆಣ್ಮಕ್ಕಳಿಗೆ ಮಾತ್ರ ಹೇಳಿಕೊಡ್ತೀನಿ.

ನಡುವೆ ಇನ್ನೊಂದು ಪ್ರಯೋಗನೂ ಮಾಡಿದೆ, ಜರ್ಮನ್‌ನ ಕನ್ನಡ ಲಿಪಿಲಿ ಬರೆಯೋದು. ಎ ಏ, ಒ ಓ ನಮ್ಮಲ್ಲಿ ಬೇರೆ ಬೇರೆ ಇರೋದು ಎಂಥಾ ಉಪಕಾರ ಅಂತ ಆಗ ಗೊತ್ತಾಯ್ತು, ಬೆಟ್ ಅಂದ್ರೆ ಹಾಸಿಗೆ, ಬೇಟ್ ಅಂದ್ರೆ ತೋಟದ ಪಾತಿ, ಒಫನ್ ಅಂದ್ರೆ ತೆರೆದಿರೋದು, ಓಫನ್ ಅಂದ್ರೆ ಒಲೆ. ಆದ್ರೆ ಎರಡು ಚುಕ್ಕೆ ಇರೋ ಸ್ವರಗಳಿಗೆ ನಮ್ಮಲ್ಲಿ ಅಕ್ಷರ ಇಲ್ಲ, ಓದೋ ಸ್ಪೀಡೂ ಬಿತ್ತು, ಎರಡು ತಿಂಗಳಿಗೆ ಬಿಟ್ಟೆ.

ಮಾತಾಡೋ ಅಭ್ಯಾಸ ಆಗಿದ್ದು ಕೇರ್‌ವೊಖೆಯಿಂದ. ಈ ಕಡೆ ಇರೋರಿಗೆ ಗೊತ್ತು, ಮೆಟ್ಟಿಲು ಗುಡಿಸಿ ಒರೆಸೋ ಸರದಿ, ಬಾಗಿಲಿಗೆ ಪುಟ್ಟ ಬೋರ್ಡ್ ನೇತಾಡುತ್ತೆ, ನಮ್ಮ ವಾರ ಮುಗಿದ ಮೇಲೆ ಮುಂದಿನವರಿಗೆ ದಾಟಿಸಬೇಕು. ಎಲ್ಲರೂ ಸದ್ದಿಲ್ಲದೆ ಬಾಗಿಲಿಗೆ ಸಿಕ್ಕಿಸಿ ಹೋಗ್ತಾರೆ. ನಾನು ಬೆಲ್ ಒತ್ತಿ ಅಜ್ಜಿ ಕೈಗೇ ಕೊಡೋಕೆ ಶುರು ಮಾಡ್ದೆ. ಮೊದಲು ಎರಡು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಕಾಫಿ ಜೊತೆ ಕೇಕು. ಮಗಳ ಹತ್ರ ಯಾವ ಭಾಷೆ ಆಡ್ತೀಯ ಅಂತ ಒಂದಿನ ಕೇಳಿದ್ರು. ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ"ನ 1843ರಲ್ಲಿ ತಂದಿದ್ದು ನಿಮ್ಮ ಕಡೆಯವರೇ, ಹರ್ಮನ್ ಮೊಗ್ಲಿಂಗ್, ಹುಟ್ಟಿದ್ದು ಬ್ರಾಕನ್‌ಹೈಮ್, ತೀರ್ಕೊಂಡಿದ್ದು ಇಲ್ಲೇ ಎಸ್ಲಿಂಗನ್‌ನಲ್ಲಿ, ಕನ್ನಡ ನಿಘಂಟು ಮಾಡಿದ ಕಿಟೆಲ್ ತೀರ್ಕೊಂಡಿದ್ದು ಟ್ಯೂಬಿಂಗನ್‌ನಲ್ಲಿ ಅಂತ ಹೇಳಿದೆ. ಅಷ್ಟುದ್ದ ನಾನು ಜರ್ಮನ್‌ನಲ್ಲಿ ಒಂದೇ ಉಸಿರಿಗೆ ಮಾತಾಡಿದ್ದು ಅದೇ ಮೊದಲು. ನಮ್ಮೂರಿಗೆ ಬಂದವರು ನಮ್ಮ ಭಾಷೆಗೆ ಅಷ್ಟು ದುಡಿದಿದಾರೆ, ನಾನು ಬ್ರೆಡ್ ಕೇಳೋಷ್ಟಾದ್ರೂ ಕಲೀಬಾರದಾ ಅಂತ ನನಗೆ ಆಗಾಗ ಅನ್ನಿಸೋದು.

ಬಿ1 ಮೊದಲ ಸಲ ಪೂರ್ತಿ ಆಗಲಿಲ್ಲ. ನಾಲ್ಕು ಭಾಗ, ಒಂದೊಂದಕ್ಕೂ 60 ಬೇಕು, ಮಾತಾಡೋದ್ರಲ್ಲಿ 90ರ ಮೇಲೆ ಬಂತು, ಕೇಳೋದ್ರಲ್ಲಿ ಐವತ್ತು ಚಿಲ್ಲರೆ. ನನ್ನ ಕಿವಿ ಅಜ್ಜಿಯ ಶ್ವೇಬಿಷ್‌ಗೆ, ಅಂದ್ರೆ ಈ ಕಡೆಯ ಆಡುಮಾತಿಗೆ, ಪಳಗಿತ್ತು, ಮತ್ತೆ ನಂಬರ್‌ಗಳು ಉಲ್ಟಾ ಬರೆದೆ, 25 ಅಂದಿದ್ದು 52 ಅಂತ. ಅದನ್ನ ಸರಿಮಾಡಿದ್ದು ಸಂಸ್ಕೃತ. ಪಂಚವಿಂಶತಿ, ಮೊದಲು ಐದು, ಆಮೇಲೆ ಇಪ್ಪತ್ತು, ಫ್ಯುನ್ಫ್ ಉಂಟ್ ಟ್ಸ್ವಾನ್ಟ್ಸಿಶ್, ಅದೇ ಕ್ರಮ. ಆ ಒಂದು ಭಾಗ ಮಾತ್ರ ಮತ್ತೆ ಕಟ್ಟಿದೆ, 70 ಯೂರೋ ಹತ್ತಿರ, ಪಾಸು. ಈಗ ಒಂದು ಬೇಕರಿಲಿ ವಾರಕ್ಕೆ 20 ಗಂಟೆ ಕೆಲಸ, ಕಳೆದ ದುಡ್ಡು ಮೂರು ತಿಂಗಳೊಳಗೆ ವಾಪಸ್ ಬಂತು. ಭಾನುವಾರದ ಆರು ಜನರಲ್ಲಿ ನಾಲ್ವರು ಬಿ1 ದಾಟಿದಾರೆ. ಅವತ್ತು ಬೇಡ ಅಂದಿದ್ದ ನಮ್ಮನೆಯವರೂ ಈಗ ಕೆಂಪು ಪೆನ್ ಹಿಡ್ಕೊಂಡು ಕೂತಿದಾರೆ, ಸಿಟಿಜನ್‌ಶಿಪ್‌ಗೆ 5 ವರ್ಷ ಆದ್ರೂ ಬಿ1 ಇಲ್ದೆ ಆಗಲ್ವಲ್ಲ.

ಎರಡು ವರ್ಷ ಪ್ರಾಜೆಕ್ಟ್‌ಗೆ ಬಂದು ಹೋಗೋರಿಗೆ ನಾನೇನೂ ಹೇಳಲ್ಲ. ಇಲ್ಲೇ ಮಕ್ಕಳನ್ನ ಸ್ಕೂಲಿಗೆ ಹಾಕಿರೋರಿಗೆ ಕೈಮುಗಿದು ಕೇಳ್ಕೊಳ್ತೀನಿ, ಕಲೀರಿ, ಐದು ವರ್ಷದ ಮಗುನ ಡಾಕ್ಟ್ರ ಮುಂದೆ ನಿಲ್ಲಿಸ್ಕೊಂಡು ಅಮ್ಮನಿಗೆ ಏನಾಗಿದೆ ಹೇಳು ಪುಟ್ಟಾ ಅನ್ನೋ ಸ್ಥಿತಿ ತಂದ್ಕೋಬೇಡಿ. ನಾನು ತಂದ್ಕೊಂಡಿದ್ದೆ.

ಹೋದ ವಾರ ಬಿ2 ಕಾಗದ ತೋರಿಸೋಕೆ ಕೆಳಗೆ ಹೋದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ಇನ್ಮೇಲೆ ನನಗೆ ಜೀ (ನೀವು) ಅನ್ಬೇಡ, ಡೂ (ನೀನು) ಅನ್ನು ಅಂದ್ರು. ಎಂಬತ್ತರ ಹತ್ತಿರ ವಯಸ್ಸು, ಬಾಯೇ ಬರಲಿಲ್ಲ ನನಗೆ. ಆಮೇಲೆ ನೆನಪಾಯ್ತು, ಊರಲ್ಲಿ ನಮ್ಮಜ್ಜಿನ ಕೊನೇವರೆಗೂ ನಾನು ನೀನು ಅಂತಲೇ ಕರೀತಿದ್ದೆ.