ಖಾಚ್‌ಕಾರ್ ಕೆತ್ತುವಾಗ ನೆರಳಿನ ಲೆಕ್ಕ

ನಾನು ಕೆಲಸ ಕಲಿತದ್ದು ಬಳಪದ ಕಲ್ಲಿನಲ್ಲಿ. ಅರ್ಮೇನಿಯದ ರಾಜಧಾನಿ ಯೆರೆವಾನ್‌ನ ಕೆತ್ತನೆಗಾರರೊಬ್ಬರ ಹತ್ತಿರ ಖಾಚ್‌ಕಾರ್ ಕಲಿಯಲು ಕೂತಾಗ ಉಳಿ, ಸುತ್ತಿಗೆ ಹೊಸದಾಗಿರಲಿಲ್ಲ. ಕಲ್ಲು ಮಾತ್ರ ಪೂರ್ತಿ ಬೇರೆ.

ಖಾಚ್‌ಕಾರ್ ಅಂದರೆ ಅರ್ಮೇನಿಯನ್ನರ ಶಿಲುಬೆ ಕಲ್ಲು. ನೆಟ್ಟಗೆ ನಿಲ್ಲಿಸಿದ ಚಪ್ಪಡಿ. ಮಧ್ಯೆ ಮೊಗ್ಗು ಬಿಟ್ಟ ಶಿಲುಬೆ, ಅದರ ಕೆಳಗೆ ಒಂದು ಚಕ್ರ, ಸುತ್ತ ಬಳ್ಳಿ, ಗಂಟು, ಜಾಲರಿ. ಸತ್ತವರ ಆತ್ಮಕ್ಕೆ ಒಳ್ಳೆಯದಾಗಲಿ ಅಂತ, ಯುದ್ಧ ಗೆದ್ದದ್ದಕ್ಕೆ, ಚರ್ಚ್ ಕಟ್ಟಿದ ನೆನಪಿಗೆ ಇದನ್ನು ನಿಲ್ಲಿಸುತ್ತಾರೆ. ವೀರಗಲ್ಲು ನೆನಪಾಗುತ್ತದೆ, ಅಲ್ವಾ? ಆದರೆ ವೀರಗಲ್ಲಿನ ತುಂಬ ಜನ, ಇಲ್ಲಿ ಮನುಷ್ಯರೇ ಅಪರೂಪ. ಹಗ್ಪಾತ್ ಮಠದ 1273ರ ಕಲ್ಲಿನಲ್ಲಿ ಶಿಲುಬೆಯ ಮೇಲೆ ಕ್ರಿಸ್ತನಿದ್ದಾನೆ. ಅಂಥವು ಕೆಲವೇ. ಇಸವಿ ಗೊತ್ತಿರುವ ಅತಿ ಹಳೆಯದು ಗಾರ್ನಿ ಎಂಬ ಊರಿನದು, 879ರಲ್ಲಿ ಕತ್ರಾನಿದೆ ಎಂಬ ರಾಣಿ ನಿಲ್ಲಿಸಿದ್ದು.

ನನಗೆ ಕೊಟ್ಟದ್ದು ಟಫ್ ಕಲ್ಲು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಯೆರೆವಾನ್‌ನ ಗುಲಾಬಿ ಬಣ್ಣದ ಕಟ್ಟಡಗಳೆಲ್ಲ ಇದರದ್ದೇ. ಹಗುರ, ಉಳಿಗೆ ಬೇಗ ಬಗ್ಗುತ್ತದೆ. ಆದರೆ ಬಳಪದ ಕಲ್ಲಿನ ನುಣುಪು ಇಲ್ಲ. ಒಳಗೆಲ್ಲ ಸಣ್ಣ ತೂತು, ನಡುನಡುವೆ ಬೇರೆ ಗಟ್ಟಿತನದ ಚೂರುಗಳು. ಉಳಿ ಅದಕ್ಕೆ ತಾಗಿದರೆ ಚೂರು ಪಟ್ ಅಂತ ಹಾರಿ ಗುಂಡಿ ಬೀಳುತ್ತದೆ. ಹಾಗಾಗಿ ಚಪ್ಪಡಿ ಆರಿಸುವಾಗಲೇ ತಟ್ಟಿ ನೋಡಬೇಕು. ಠಣ್ ಅಂದರೆ ಸರಿ, ದಬ್ ಅಂದರೆ ಒಳಗೆ ಬಿರುಕಿದೆ.

ಆಮೇಲೆ ಗೆರೆ. ಕೈವಾರ, ಅಳತೆಪಟ್ಟಿ, ಪೆನ್ಸಿಲ್ ಇಷ್ಟೇ. ಮೊದಲು ನಡುಗೆರೆ, ಅದರ ಮೇಲೆ ಶಿಲುಬೆ, ಕೊನೆಗೆ ಅಂಚಿನ ಚೌಕಗಳು. ಒಂದು ಚೌಕದ ಹಾಗೆ ಇನ್ನೊಂದು ಇರಬಾರದು ಅಂತ ಗುರುಗಳ ಹಟ. ಪಟ್ಟಿಗಳು ಒಂದರ ಮೇಲೊಂದು ಹಾಯುವ ಪ್ರತಿ ಕಡೆಯೂ ‘ಮೇಲೆ’, ‘ಕೆಳಗೆ’ ಅಂತ ಗುರುತು ಹಾಕಬೇಕು. ಇದರಲ್ಲೊಂದು ಮಜಾ ಇದೆ. ತುದಿಯಿಲ್ಲದ ಗೆರೆ ಎಷ್ಟೇ ಸುತ್ತಲಿ, ಹೊರಟಲ್ಲಿಗೆ ವಾಪಸ್ ಬಂದಾಗ ಮೇಲೆ-ಕೆಳಗಿನ ಲೆಕ್ಕ ಹೊಂದಲೇಬೇಕು. ಹೊಂದದಿದ್ದರೆ ಎಲ್ಲೋ ಒಂದು ಹಾಯುವಿಕೆ ಬಿಟ್ಟುಹೋಗಿದೆ ಅಂತಲೇ ಅರ್ಥ. ಉಳಿ ಇಡುವ ಮುಂಚೆ ಇದನ್ನು ಬೆರಳಿಟ್ಟು ಎಣಿಸುತ್ತೇನೆ.

ಕೆತ್ತನೆಯಲ್ಲಿ ಮೂರು ಮಟ್ಟ. ಮೇಲೆ ಹಾಯುವ ಪಟ್ಟಿ, ಅದರಡಿ ನುಸುಳುವ ಪಟ್ಟಿ, ಎಲ್ಲಕ್ಕಿಂತ ಕೆಳಗೆ ಹಿನ್ನೆಲೆ. ಮೊದಲು ಇಳಿಸುವುದು ಹಿನ್ನೆಲೆಯನ್ನು. ಜಾಲರಿಯ ಕಣ್ಣಿನ ಗೋಡೆ ನೇರವಾಗಿ ಇಳಿಯಬೇಕು. ಓರೆಯಾದರೆ ನೆರಳು ತೆಳುವಾಗಿ, ಹೆಣಿಗೆ ಮಂಕಾಗುತ್ತದೆ. ಗೋಶವಾಂಕ್ ಮಠದಲ್ಲಿ ಪೋಘೋಸ್ ಎಂಬ ಕೆತ್ತನೆಗಾರ 1291ರಲ್ಲಿ ಕೆತ್ತಿದ ಕಲ್ಲಿದೆ. ಜಾಲರಿಯ ಹಿಂದೆ ಇನ್ನೊಂದು ಜಾಲರಿ. ಅದರ ಮುಂದೆ ನಿಂತಾಗ ನಾನು ಗೆರೆಗಿಂತ ಜಾಸ್ತಿ ನೋಡಿದ್ದು ತೂತುಗಳ ಕತ್ತಲನ್ನು.

ಬೆಳಕೂ ಮುಖ್ಯ. ಖಾಚ್‌ಕಾರ್‌ನ ಕೆತ್ತಿದ ಮುಖ ಪಶ್ಚಿಮಕ್ಕಿರುತ್ತದೆ. ಬೆಳಗ್ಗೆ ಅದು ನೆರಳಲ್ಲೇ ಇರುತ್ತದೆ. ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು ದಕ್ಷಿಣದಿಂದ, ಅಂದರೆ ನೋಡುವವರ ಬಲಗಡೆಯಿಂದ, ಕಲ್ಲನ್ನು ಸವರಿಕೊಂಡು ಬರುತ್ತದೆ. ಅದಕ್ಕೇ ನಾನು ದೀಪವನ್ನು ಬಲಗಡೆ ಮೇಲೆ, ಓರೆಯಾಗಿ ಇಟ್ಟುಕೊಂಡು ಕೆತ್ತಿದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಆಳ ತಿಳಿಯುವುದೇ ಇಲ್ಲ.

ಅಂಚಿನ ಒಂದು ಚೌಕವನ್ನು ಜುಲ್ಫಾದ ಹಳೇ ಫೋಟೊ ನೋಡಿ ಬರೆದೆ. ಈಗ ಅಜರ್‌ಬೈಜಾನ್‌ಗೆ ಸೇರಿದ ನಖಿಚೆವಾನ್‌ನಲ್ಲಿರುವ ಜುಲ್ಫಾದ ಸ್ಮಶಾನದಲ್ಲಿ ಒಂದು ಕಾಲಕ್ಕೆ ಸಾವಿರಾರು ಖಾಚ್‌ಕಾರ್‌ಗಳಿದ್ದವು. ಅಜರ್‌ಬೈಜಾನ್ ಅವನ್ನು ಒಡೆಯಲು ಶುರುಮಾಡಿದ್ದು 1998ರಲ್ಲಿ, 2005ರ ಡಿಸೆಂಬರ್ ಹೊತ್ತಿಗೆ ಏನೂ ಉಳಿದಿರಲಿಲ್ಲ. ಅಂಥ ಕೆಲಸ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಫೋಟೊದಲ್ಲಿ ಗೆರೆ ಸಿಗುತ್ತದೆ, ಆಳ ಸಿಗುವುದಿಲ್ಲ. ಆಳ ನೋಡಬೇಕಾದರೆ ಅರ್ಮೇನಿಯನ್ ಚರ್ಚಿನ ಮುಖ್ಯ ಪೀಠವಾದ ಎಚ್ಮಿಯಾಡ್ಜಿನ್‌ಗೆ ಹೋಗಬೇಕು. ಮೊದಲೇ ಸಾಗಿಸಿದ್ದ ಜುಲ್ಫಾದ ಕೆಲವು ಕಲ್ಲುಗಳು ಅಲ್ಲಿವೆ. ನಾನೂ ಹೋಗಿ, ಮುಟ್ಟದೆ, ಪಕ್ಕದಿಂದ ಬಗ್ಗಿ ನೋಡಿ ಬಂದೆ.

ಯಂತ್ರದ ಬಗ್ಗೆ ತುಂಬ ಜನ ಕೇಳುತ್ತಾರೆ. ಒರಟು ಕಲ್ಲು ತೆಗೆಯಲು ಗ್ರೈಂಡರ್ ಬಳಸಿದೆ, ಅದರಲ್ಲಿ ತಪ್ಪೇನಿಲ್ಲ. ಪಟ್ಟಿಗಳಿಗೆ ಮಾತ್ರ ಕೈ ಉಳಿಯೇ. ಮಾಸ್ಕ್ ಇಲ್ಲದೆ ಸುಮ್ನೆ ಕೂರಬೇಡಿ, ಈ ದೂಳು ಶ್ವಾಸಕೋಶ ತಿನ್ನುತ್ತದೆ. ಕೊನೆಗೆ ಸಣ್ಣ ಮರಳಿನಲ್ಲಿ ಉಜ್ಜುವುದು, ಗುಂಡಿಗಳಿಗೆ ಸುಣ್ಣದ ಗಾರೆ ತುಂಬುವುದು.

ಪಾದ್ರಿ ಆಶೀರ್ವದಿಸಿ ಪವಿತ್ರ ತೈಲ ಹಚ್ಚಿದ ಮೇಲೇ ಇದಕ್ಕೆ ಶಕ್ತಿ ಬರುತ್ತದೆ ಅಂತ ಅಲ್ಲಿನವರ ನಂಬಿಕೆ. ನಂದು ಕಲಿಕೆಯ ಕಲ್ಲು, ಆ ಶಾಸ್ತ್ರ ಮಾಡಿಸಲಿಲ್ಲ. ಮುಂದಿನದನ್ನು ಬಸಾಲ್ಟ್ ಎಂಬ ಗಟ್ಟಿ ಕಪ್ಪು ಕಲ್ಲಿನಲ್ಲಿ ಮಾಡಬೇಕು ಅಂತಿದ್ದೇನೆ. ಅದಕ್ಕೆ ಈಗಿನ ಉಳಿಗಳು ಸಾಲವು, ಕಾರ್ಬೈಡ್ ಮೊನೆಯವು ಬೇಕು.