ಒಂದೂವರೆ ನಿಮಿಷದ ಹತ್ತಿರ ಆ ಸಿಂಬಲ್ ಕೇಳಿ

ನಾನು ಜಾಝ್‌ಗೆ ಬಂದದ್ದು ಹಿಪ್‌ಹಾಪ್ ಕಡೆಯಿಂದ. ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ 1991ರ ‘ದಿ ಲೋ ಎಂಡ್ ಥಿಯರಿ’ ಆಲ್ಬಂನ ಒಂದು ಹಾಡಿಗೆ ರಾನ್ ಕಾರ್ಟರ್ ಡಬಲ್ ಬೇಸ್, ಅಂದರೆ ನಿಲ್ಲಿಸಿಕೊಂಡು ನುಡಿಸುವ ದಪ್ಪ ದನಿಯ ದೊಡ್ಡ ತಂತಿವಾದ್ಯ, ನುಡಿಸಿದ್ದಾರೆ. ರ‍್ಯಾಪ್ ಕೇಳಲು ಕೂತಿದ್ದ ನನ್ನ ಕಿವಿ ಮಾತನ್ನು ಬಿಟ್ಟು ಆ ಬೇಸ್‌ನ ಬೆನ್ನು ಹತ್ತಿತು. ಯಾರಪ್ಪ ಇವರು ಅಂತ ಹುಡುಕಿದರೆ, ಅರವತ್ತರ ದಶಕದಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿದ್ದವರು ಅಂತ ತಿಳಿಯಿತು. ಮೈಲ್ಸ್ ಡೇವಿಸ್ ಹೆಸರು ಹಿಡಿದು ಹೊರಟ ಬಹುಪಾಲು ಜನ ಮೊದಲು ಮುಟ್ಟುವುದು 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಂ. ನಾನೂ ಅಲ್ಲಿಗೇ ಮುಟ್ಟಿದೆ, ಬಹಳ ಕಾಲ ಅಲ್ಲೇ ಉಳಿದೆ.

ಈಗ ದೂರದೂರದಲ್ಲಿ ಕೂತು ಜಾಝ್ ಕೇಳುವ, ಕೇಳಿದ್ದನ್ನು ಹಂಚಿಕೊಳ್ಳುವ ಒಂದು ಗುಂಪಿನಲ್ಲಿದ್ದೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರನ್ನು ಮಾತಾಡಿಸುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ನನಗೆ ತುಂಬ ಪ್ರೀತಿಯ ಕೆಲಸ ಅದು. ಅವರು ಬರುವ ದಾರಿಗಳೂ ನನ್ನದರಂತೆ ಸುತ್ತುಬಳಸು. ಓದುವಾಗ ಹಿನ್ನೆಲೆಗೆ ಹಾಕಿಕೊಳ್ಳುವ ಲೋ-ಫೈ ಸಂಗೀತ, ಯಾವುದೋ ವಿಡಿಯೊ ಗೇಮ್, ಯಾವುದೋ ಅನಿಮೆ. ಕೆಲವರನ್ನು ಕರೆತಂದದ್ದು ಜಪಾನಿನ ಪಿಯಾನೊ ವಾದಕ ರ‍್ಯೋ ಫುಕುಯಿ. ಅವರು ಪಿಯಾನೊ ಮುಟ್ಟಿದ್ದೇ 22ನೇ ವಯಸ್ಸಿನಲ್ಲಿ, ಅದೂ ತಾವೇ ಕಲಿತದ್ದು. 1976ರಲ್ಲಿ ‘ಸೀನರಿ’ ಎಂಬ ಆಲ್ಬಂ ತಂದರು. ದಶಕಗಳ ನಂತರ ಯೂಟ್ಯೂಬ್ ಅದನ್ನು ಲೋಕದ ಹುಡುಗರ ಮುಂದೆಲ್ಲ ತಂದಿಟ್ಟಿತು. “ನಾನು ಬರೀ ಯೂಟ್ಯೂಬ್ ತೋರಿಸಿದ್ದು ಕೇಳಿ ಬಂದವಳು” ಅಂತ ಸಂಕೋಚದಿಂದ ಹೇಳಿಕೊಳ್ಳುವವರಿಗೆ ನಾನು ಮೊದಲು ಹೇಳುವುದು: ಸಂಕೋಚ ಬೇಡ, ಯಾವ ಜಾಗ ಇಷ್ಟವಾಯಿತು ಹೇಳು.

ಈ ‘ಯಾವ ಜಾಗ’ ಅನ್ನುವುದೇ ನಾನು ಕಂಡುಕೊಂಡ ದಾರಿ. ಹೊಸಬರಿಗೆ ಹುಮ್ಮಸ್ಸಿಗೇನೂ ಕೊರತೆ ಇರುವುದಿಲ್ಲ. ಆದರೆ “ಅದ್ಭುತ”, “ಮೈ ಜುಮ್ಮೆಂದಿತು” ಅಂತ ಬರೆದರೆ ಓದಿದವರು ಒಂದು ಹೃದಯದ ಚಿಹ್ನೆ ಒತ್ತಿ ಮುಂದೆ ಹೋಗುತ್ತಾರೆ. ಅದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ? ನಾನು ಗುಂಪಿಗೆ ಸೇರಿದ ಹೊಸತರಲ್ಲಿ ‘ಕೈಂಡ್ ಆಫ್ ಬ್ಲೂ’ದ ಮೊದಲ ಟ್ರ್ಯಾಕ್ ‘ಸೋ ವಾಟ್’ ಬಗ್ಗೆ ಬರೆದದ್ದು ಇಷ್ಟೇ: “ಒಂದೂವರೆ ನಿಮಿಷದ ಹತ್ತಿರ, ಮೈಲ್ಸ್ ಅವರ ಸೋಲೋ ಶುರುವಾಗುವ ಕ್ಷಣಕ್ಕೆ ಸರಿಯಾಗಿ, ಡ್ರಮ್ಮರ್ ಸಿಂಬಲ್‌ಗೆ ಒಂದು ಏಟು ಹಾಕುತ್ತಾರೆ. ಅದರ ಸದ್ದು ಎಷ್ಟು ಹೊತ್ತು ಹರಡಿಕೊಂಡಿರುತ್ತದೆ ನೋಡಿ. ಟ್ರಂಪೆಟ್ ಅದರೊಳಗಿಂದ ಎದ್ದು ಬಂದ ಹಾಗಿದೆ.” ಆ ಡ್ರಮ್ಮರ್ ಜಿಮ್ಮಿ ಕಾಬ್ ಅಂತ ಕೂಡ ನನಗಾಗ ಗೊತ್ತಿರಲಿಲ್ಲ. ಆದರೂ ಜನ ಹೋಗಿ ಅದೇ ಜಾಗ ಕೇಳಿ ಬಂದು ಬರೆಯತೊಡಗಿದರು. ವರ್ಷಗಟ್ಟಲೆ ಈ ಆಲ್ಬಂ ಕೇಳಿದವರು ಕೂಡ ಮತ್ತೆ ಹಾಕಿ ಕೇಳಿದರು. ಎಷ್ಟನೇ ಸೆಕೆಂಡಿನಲ್ಲಿ ಏನು ಕೇಳಿತು ಅಂತ ಬರೆದರೆ ಎಂಥ ಅನುಭವಿಯೂ ಕಿವಿ ಕೊಡುತ್ತಾನೆ.

ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ, ಹಿಂದೆ ಡಬಲ್ ಬೇಸ್ ನುಡಿಸುತ್ತಿದ್ದವರು. ಅವರ ಉತ್ತರ ಹೀಗಿತ್ತು: “ಸರಿಯಾಗಿ ಹಿಡಿದಿದ್ದೀಯಪ್ಪ. ಈಗ ಆ ಏಟಿನಿಂದ ನಾಲ್ಕು ನಾಲ್ಕು ಎಣಿಸಿಕೊಂಡು ಮೂವತ್ತೆರಡು ಬಾರ್ ಹೋಗು. ಹದಿನೇಳನೇ ಬಾರ್‌ನಲ್ಲಿ ಏನೋ ಆಗುತ್ತೆ. ಏನು ಅಂತ ನೀನೇ ಹೇಳು.” ಇಲ್ಲಿ ನಾಲ್ಕು ಎಣಿಕೆಗೆ ಒಂದು ಬಾರ್.

ಆ ಪ್ರಶ್ನೆ ನನ್ನ ಕೇಳುವಿಕೆಯನ್ನೇ ಬದಲಿಸಿತು. ‘ಸೋ ವಾಟ್’ ಅನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮೊದಲು ಪಿಯಾನೊ ಮತ್ತು ಬೇಸ್ ತಾಳದ ಹಂಗಿಲ್ಲದೆ ಮೆಲ್ಲಗೆ ಮಾತಾಡಿಕೊಳ್ಳುತ್ತವೆ. ಆಮೇಲೆ ಪಾಲ್ ಚೇಂಬರ್ಸ್ ಅವರ ಬೇಸ್ ಒಂದು ಸಾಲು ಹೇಳುತ್ತದೆ. ಅದಕ್ಕೆ ಬಿಲ್ ಇವಾನ್ಸ್ ಅವರ ಪಿಯಾನೊ ಎರಡೇ ಏಟಿನಲ್ಲಿ ಉತ್ತರ ಕೊಡುತ್ತದೆ. ಎಂಟು ಬಾರ್ ಕಳೆದ ಮೇಲೆ ಆ ಉತ್ತರಕ್ಕೆ ಟ್ರಂಪೆಟ್ಟು, ಸ್ಯಾಕ್ಸೋಫೋನುಗಳೂ ದನಿಗೂಡಿಸುತ್ತವೆ. ಎಂಟು ಬಾರ್, ಮತ್ತೆ ಅದೇ ಎಂಟು ಬಾರ್. ಆಮೇಲಿನ ಎಂಟರಲ್ಲಿ ಇಡೀ ಸಂಗತಿ ಅರ್ಧ ಸ್ವರ ಮೇಲಕ್ಕೆ ಏರುತ್ತದೆ, ಕೊನೆಯ ಎಂಟಕ್ಕೆ ಮತ್ತೆ ಕೆಳಗಿಳಿಯುತ್ತದೆ. ಒಟ್ಟು ಮೂವತ್ತೆರಡು. ಸೋಲೋಗಳೂ ಈ ಮೂವತ್ತೆರಡರ ಮೇಲೇ ಸುತ್ತುತ್ತವೆ: ಮೊದಲು ಮೈಲ್ಸ್, ಆಮೇಲೆ ಸ್ಯಾಕ್ಸೋಫೋನಿನ ಇಬ್ಬರು, ಜಾನ್ ಕೋಲ್ಟ್ರೇನ್, ಆಮೇಲೆ ಕ್ಯಾನನ್‌ಬಾಲ್ ಆಡರ್ಲಿ, ಕೊನೆಗೆ ಇವಾನ್ಸ್. ಹಿರಿಯರು ಹೇಳಿದ ಹದಿನೇಳನೇ ಬಾರ್ ಬರುವುದು ಎರಡು ನಿಮಿಷದ ಆಸುಪಾಸಿನಲ್ಲಿ. ಮನೋಧರ್ಮದಲ್ಲಿ ಎಷ್ಟೇ ದೂರ ಹೋಗಲಿ, ಆ ಜಾಗ ಬಂದಾಗ ಎಲ್ಲರೂ ಒಟ್ಟಿಗೆ ಮೇಲೆ ಹತ್ತುತ್ತಾರೆ ಅಂತ ಕಿವಿಗೆ ಗೊತ್ತಾದ ದಿನ ನಾನು ಅದೊಂದನ್ನೇ ಕೇಳುತ್ತಾ ಕೂತಿದ್ದೆ. “ಸುಮ್ಮನೆ ಮನಸ್ಸಿಗೆ ಬಂದದ್ದು ನುಡಿಸುತ್ತಾರೆ” ಅನ್ನುವ ಮಾತು ಆವತ್ತಿಗೆ ನನ್ನ ಬಾಯಿಂದ ಹೋಯಿತು.

ಇದನ್ನು ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬೇಸ್ ಬರುವುದೇ ಇಲ್ಲ, ಅಂದರೆ ‘ಸೋ ವಾಟ್’ನಲ್ಲಿ ಪ್ರಶ್ನೆ ಕೇಳುವವರೇ ಮಾಯ. ಸಾಧಾರಣ ಇಯರ್‌ಫೋನ್ ಆದರೂ ಸಾಕು. ಹಾಗೆಯೇ ಕರೆ ಮಾಡಿ ಎಲ್ಲರಿಗೂ ಒಟ್ಟಿಗೆ ಕೇಳಿಸುವ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ. ಕರೆಯ ಸಾಫ್ಟ್‌ವೇರ್‌ಗೆ ಬೇಕಾದದ್ದು ಮಾತು ಮಾತ್ರ. ಸಿಂಬಲ್‌ನ ಉದ್ದನೆಯ ಸದ್ದನ್ನು ಅದು ಗದ್ದಲವೆಂದು ಒರೆಸಿ ಹಾಕುತ್ತದೆ. ಅವರವರು ಅವರವರ ಕಡೆ ಕೇಳಿ, ಸಮಯ ಬರೆದು ಹಂಚಿಕೊಳ್ಳುವುದೇ ವಾಸಿ.

ಯಾವ ಆವೃತ್ತಿ ಅನ್ನುವುದನ್ನೂ ಬರೆಯಬೇಕು. ಒಮ್ಮೆ ಒಬ್ಬ ಹುಡುಗ ಗಿಟಾರ್ ಶ್ರುತಿ ಮಾಡಿಕೊಂಡು ‘ಸೋ ವಾಟ್’ ಜೊತೆ ನುಡಿಸಲು ಕೂತ. ಎಷ್ಟು ತಿರುಗಿಸಿದರೂ ಹೊಂದುತ್ತಿಲ್ಲ, ರೆಕಾರ್ಡ್ ಒಂಚೂರು ಮೇಲಿದೆ ಅಂತ ಬರೆದ. ತನ್ನ ಕಿವಿಯೇ ಸರಿಯಿಲ್ಲವೇನೋ ಅಂತ ಅವನಿಗೆ ಚಿಂತೆ. ಅವನ ಬಳಿ ಇದ್ದದ್ದು ಹಳೆಯ ಮುದ್ರಣದಿಂದ ಮಾಡಿದ ಪ್ರತಿ. 1959ರ ಮಾರ್ಚ್ 2ರಂದು ನ್ಯೂಯಾರ್ಕ್‌ನ ಕೊಲಂಬಿಯಾ 30ನೇ ಬೀದಿಯ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡುವಾಗ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಸಂಗೀತ ತುಸು ಬೇಗ, ತುಸು ಮೇಲು. ಮೊದಲ ಬದಿಯ ಮೂರು ಟ್ರ್ಯಾಕ್‌ಗಳು ಹೀಗೇ ಅಚ್ಚಾಗಿ, 1992ರ ಮರುಮುದ್ರಣದಲ್ಲಷ್ಟೇ ಸರಿಹೋದವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಕೇಳಿದ್ದ ತಪ್ಪು ಶ್ರುತಿಯನ್ನು ಈ ಹುಡುಗ ತನ್ನ ಗಿಟಾರ್ ಹಿಡಿದು ತಾನೇ ಪತ್ತೆ ಮಾಡಿದ್ದ. ಅದನ್ನು ಅವನಿಗೆ ಹೇಳಿದಾಗ ನನಗಾದಷ್ಟು ಖುಷಿ ಅವನಿಗೂ ಆಗಿರಲಾರದು.

ಮುಂದೇನು ಕೇಳಲಿ ಅನ್ನುವುದು ಎಲ್ಲರ ಪ್ರಶ್ನೆ. ಹತ್ತು ಶ್ರೇಷ್ಠ ಆಲ್ಬಂಗಳ ಪಟ್ಟಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿ ನೋಡಿದರೆ ಪರೀಕ್ಷೆಗೆ ಓದಬೇಕು ಅನ್ನಿಸುತ್ತದೆಯೇ ಹೊರತು ಆಸೆ ಹುಟ್ಟುವುದಿಲ್ಲ. ಅದರ ಬದಲು ಇಷ್ಟವಾದ ಟ್ರ್ಯಾಕ್‌ನಲ್ಲಿ ಯಾರ ವಾದ್ಯ ಹಿಡಿಸಿತೋ ಅವರ ಹೆಸರು ಹಿಡಿದು ಹೋಗಬೇಕು. ಆಡರ್ಲಿ ಹಿಡಿಸಿದರೆ 1958ರ ‘ಸಮ್‌ಥಿಂಗ್ ಎಲ್ಸ್’ ಇದೆ. ಅದರಲ್ಲಿ ನಾಯಕ ಅವರು, ಮೈಲ್ಸ್ ಅತಿಥಿ. ಅದರಲ್ಲಿನ ‘ಆಟಮ್ ಲೀವ್ಸ್’ ಕೇಳಿ ಜಾಝ್ ಹುಚ್ಚು ಹಿಡಿಸಿಕೊಂಡವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಇವಾನ್ಸ್ ಹಿಡಿಸಿದರೆ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ಅವರ ಮೂವರ ತಂಡ ನುಡಿಸಿದ್ದು. ಗ್ಲಾಸುಗಳ ಕಿಣಿಕಿಣಿ, ಜನರ ಗುಸುಗುಸು ಎಲ್ಲ ಆ ರೆಕಾರ್ಡಿನಲ್ಲಿದೆ. ಸ್ಕಾಟ್ ಲಫಾರೊ ಅವರ ಬೇಸ್ ಅಲ್ಲಿ ಬರೀ ತಾಳ ಕಾಯುವುದಿಲ್ಲ. ಇಬ್ಬರು ಗೆಳೆಯರು ಜೊತೆಗೆ ನಡೆಯುತ್ತಾ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸಿದ ಹಾಗೆ ಪಿಯಾನೊ ಜೊತೆ ಸಾಗುತ್ತದೆ. ಹನ್ನೊಂದು ದಿನಕ್ಕೆ, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25. ನಮ್ಮ ಹೊಸಬರಲ್ಲಿ ಅನೇಕರಿಗೆ ಹೆಚ್ಚುಕಡಿಮೆ ಅದೇ ವಯಸ್ಸು. ಈ ಸಂಗತಿ ತಿಳಿದ ಮೇಲೆ ಅವರು ಆ ಬೇಸನ್ನು ಬೇರೆಯೇ ಗಮನದಿಂದ ಕೇಳುತ್ತಾರೆ.

ಇನ್ನೊಂದು ದಾರಿ, ಒಂದೇ ಹಾಡನ್ನು ಇಬ್ಬರಿಂದ ಕೇಳುವುದು. ‘ಮೈ ಫೇವರಿಟ್ ಥಿಂಗ್ಸ್’ ಮೂಲದಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಸಂಗೀತ ನಾಟಕದ ಹಾಡು, ಬಹಳ ಜನರಿಗೆ ಸಿನಿಮಾದಿಂದ ಗೊತ್ತು. ಕೋಲ್ಟ್ರೇನ್ 1960ರಲ್ಲಿ ಅದನ್ನು ಸೊಪ್ರಾನೊ ಸ್ಯಾಕ್ಸೋಫೋನ್‌ನಲ್ಲಿ ಹದಿನಾಲ್ಕು ನಿಮಿಷದ ಹತ್ತಿರಕ್ಕೆ ಬೆಳೆಸಿದರು. ಗೊತ್ತಿರುವ ಧಾಟಿ ಎಲ್ಲಿ ಕೈಬಿಟ್ಟುಹೋಗುತ್ತದೆ, ಎಲ್ಲಿ ಮತ್ತೆ ಸಿಗುತ್ತದೆ ಅಂತ ಗುರುತು ಮಾಡಿಕೊಂಡು ಬನ್ನಿ ಅಂದರೆ ಹುಡುಗರು ಉತ್ಸಾಹದಿಂದ ಮಾಡುತ್ತಾರೆ. ಸ್ವಲ್ಪ ಪಳಗಿದವರಿಗೆ ‘ಬಾಡಿ ಅಂಡ್ ಸೋಲ್’. ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿದ್ದನ್ನು ಮೊದಲು ಕೇಳಿ, ಆಮೇಲೆ ಕೋಲ್ಮನ್ ಹಾಕಿನ್ಸ್ 1939ರಲ್ಲಿ ಸ್ಯಾಕ್ಸೋಫೋನ್‌ನಲ್ಲಿ ನುಡಿಸಿದ್ದು ಕೇಳಬೇಕು. ಹಾಕಿನ್ಸ್ ಮೊದಲ ಕೆಲವು ಬಾರ್‌ಗಳಲ್ಲಿ ಮೂಲ ಧಾಟಿಯ ನೆರಳು ತೋರಿಸಿ ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಗಿಟಾರಿನವರು ಕಾರ್ಡ್ ಅನ್ನುವ ಸ್ವರಗುಚ್ಛಗಳಿವೆಯಲ್ಲ, ಅವುಗಳ ಸಾಲನ್ನು ಮಾತ್ರ ಇಟ್ಟುಕೊಂಡು ಹೊಸದೇ ಕಟ್ಟುತ್ತಾರೆ.

ಹಳೆಯ ರೆಕಾರ್ಡುಗಳ ಚರಚರ ಸದ್ದು ಎಳೆಯರಿಗೆ ದೊಡ್ಡ ಅಡ್ಡಿ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ 1928ರ ‘ವೆಸ್ಟ್ ಎಂಡ್ ಬ್ಲೂಸ್’ ಕೊಡುವಾಗ ನಾನು ಇಡೀ ಟ್ರ್ಯಾಕ್ ಕೇಳಿ ಅನ್ನುವುದಿಲ್ಲ. ಮೊದಲ ಕಾಲು ನಿಮಿಷ ಸಾಕು, ಟ್ರಂಪೆಟ್ ಒಂಟಿಯಾಗಿ ಇರುವಷ್ಟು ಹೊತ್ತು. ಅದನ್ನು ಕೇಳಿದವರು ಮೂರು ನಿಮಿಷವನ್ನೂ ಮುಗಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಅವರು ಒಂದೇ ಮೇಲಿನ ಸ್ವರವನ್ನು ಸುಮಾರು ನಾಲ್ಕು ಬಾರ್ ಹಿಡಿದು ನಿಲ್ಲಿಸುವ ಜಾಗವಿದೆ. ಅದನ್ನು ಹೇಳದೆ ಬಿಡುತ್ತೇನೆ, ಅವರೇ ಓಡಿ ಬಂದು ಹೇಳುತ್ತಾರೆ.

“ಇದು ಜಾಝೇ ಅಲ್ಲ” ಅನ್ನುವ ಮಾತು ಗುಂಪಿನಲ್ಲಿ ಬಂದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಹೊಸಬರು ಅಲ್ಲಿಗೆ ಬಾಯಿ ಮುಚ್ಚಿಬಿಡುತ್ತಾರೆ. 1959ರ ನವೆಂಬರ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಓರ್ನೆಟ್ ಕೋಲ್ಮನ್ ನ್ಯೂಯಾರ್ಕ್‌ನ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಕಾರ್ಡ್‌ಗಳ ಸಾಲಿನ ಹಂಗಿಲ್ಲದೆ ನುಡಿಸಿದಾಗ ಸಂಗೀತಗಾರರೇ ಎರಡು ಪಾಲಾಗಿ ಜಗಳಾಡಿದ್ದರು. ಮೈಲ್ಸ್ 1970ರಲ್ಲಿ ವಿದ್ಯುತ್ ವಾದ್ಯಗಳ ‘ಬಿಚಸ್ ಬ್ರೂ’ ತಂದಾಗಲೂ ಹಾಗೇ ಆಯಿತು. ಇಂದು ಎರಡೂ ಜಾಝ್ ಚರಿತ್ರೆಯ ನಟ್ಟನಡುವೆ ಕೂತಿವೆ. ಹಾಗಾಗಿ ಯಾರಾದರೂ ಮೂಗು ಮುರಿದರೆ ನಾನು ಕೇಳುವುದು ಅದೇ ಹಳೆಯ ಪ್ರಶ್ನೆ: ಯಾವ ಜಾಗದಲ್ಲಿ, ಏನು ಇಲ್ಲ ಅನ್ನಿಸಿತು? ಅದಕ್ಕೆ ಉತ್ತರ ಬಂದರೆ ಅದೂ ಒಳ್ಳೆಯ ಹರಟೆಯೇ.

ಓರ್ನೆಟ್ ಅವರನ್ನು ಹೊಸಬರಿಂದ ದೂರ ಇಡಬೇಕು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿಯಮ ಇನ್ನೂ ತಲೆಗೆ ಹತ್ತದ ಕಿವಿಗೆ 1959ರ ‘ಲೋನ್ಲಿ ವುಮನ್’ ಸಲೀಸಾಗಿಯೇ ಇಳಿಯುತ್ತದೆ. ಇತ್ತೀಚೆಗೆ ಸೇರಿದ ಒಬ್ಬಳು ಅದನ್ನು ಕೇಳಿ ಬರೆದಳು: “ಅಣ್ಣಾ, ಡ್ರಮ್ ಓಡ್ತಾ ಇದೆ, ಸ್ಯಾಕ್ಸೋಫೋನು ಟ್ರಂಪೆಟ್ಟು ಎರಡೂ ನಿಧಾನಕ್ಕೆ ಅಳ್ತಾ ಇವೆ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ವಲ್ಲ, ಆದ್ರೂ ಹೇಗೆ ಜೊತೆಗಿವೆ? ಪಿಯಾನೊ ಬೇರೆ ಇಲ್ಲ.” ಟ್ರಂಪೆಟ್ ಅಂತ ಅವಳು ಅಂದುಕೊಂಡದ್ದು ಡಾನ್ ಚೆರಿ ಅವರ ಕಾರ್ನೆಟ್, ಅದರ ಚಿಕ್ಕ ತಮ್ಮ. ಉಳಿದದ್ದೆಲ್ಲ ಅವಳು ಹೇಳಿದ ಹಾಗೇ ಇದೆ. ಡ್ರಮ್‌ನಲ್ಲಿ ಬಿಲ್ಲಿ ಹಿಗಿನ್ಸ್, ಬೇಸ್‌ನಲ್ಲಿ ಚಾರ್ಲಿ ಹೇಡನ್, ಅಷ್ಟೇ ಜನ. ಒಂದು ಸಲ ಹೇಡನ್ ಒಬ್ಬರನ್ನೇ ಹಿಡಿದು ಕೇಳು, ಆಮೇಲೆ ಮಾತಾಡೋಣ ಅಂತ ಬರೆದು, ಅವಳ ಪ್ರಶ್ನೆಯನ್ನು ನಮ್ಮ ಬೇಸ್ ಹಿರಿಯರಿಗೆ ದಾಟಿಸಿದೆ. ಅವರು ಅವಳಿಗೂ ಏನೋ ಎಣಿಸಲು ಕೊಟ್ಟಿದ್ದಾರೆ.