ಬ್ಯಾಕಪ್ ಫೈಲ್ ತೆರೆಯುತ್ತಿಲ್ಲವೇ? ರಿಪೇರಿಗೆ ಮುನ್ನ ನಕಲು ಮಾಡಿ

ಬ್ಯಾಕಪ್ ತೆರೆಯಲು ಹೋದಾಗ ‘ಫೈಲ್ ಹಾಳಾಗಿದೆ’ ಎಂದು ಬಂದ ಕೂಡಲೇ ಅನೇಕರು ವಿಂಡೋಸ್‌ನ ಡಿಸ್ಕ್ ರಿಪೇರಿ ಉಪಕರಣವಾದ ಚೆಕ್‌ಡಿಸ್ಕ್ ಓಡಿಸುತ್ತಾರೆ. ಅದಕ್ಕೆ ಆತುರ ಬೇಡ. ಚೆಕ್‌ಡಿಸ್ಕ್ ಮುಖ್ಯವಾಗಿ ನೋಡುವುದು ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಸರಿಯಾಯಿತೇ ಎಂಬುದನ್ನು. ಆ ಭರದಲ್ಲಿ ನಿಮ್ಮ ಡೇಟಾ ಹೋದರೂ ಅದು ಲೆಕ್ಕಿಸುವುದಿಲ್ಲ. ಕೆಟ್ಟಿರುವುದು ಫೈಲೋ ಡಿಸ್ಕೋ ಎಂಬುದು ಮೊದಲು ತಿಳಿಯಬೇಕು.

ಫೈಲನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ ನೋಡಿ. ಸಲೀಸಾಗಿ ಪೂರ್ತಿ ನಕಲಾದರೆ ಕೆಟ್ಟಿರುವುದು ಬಹುಶಃ ಫೈಲ್ ಮಾತ್ರ. ನಡುವೆ ನಿಂತರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ತೆರೆಯಿರಿ. ಹಾರ್ಡ್ ಡಿಸ್ಕಿನಲ್ಲಿ 197ನೇ ಅಂಶದ (ಹೆಕ್ಸ್ ಸಂಖ್ಯೆಯಲ್ಲಿ ಸಿ5) ‘ರಾ’ ಮೌಲ್ಯ ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳಿವೆ (ಡೇಟಾ ಇಡುವ ಪುಟ್ಟ ತುಣುಕುಗಳು) ಎಂದರ್ಥ. 199ನೇ ಅಂಶದ (ಸಿ7) ‘ರಾ’ ಮೌಲ್ಯ ನೋಡನೋಡುತ್ತ ಏರುತ್ತಿದ್ದರೆ ಕೇಬಲ್ ಬದಲಿಸಿ. ಎಷ್ಟೋ ಸಲ ತೊಂದರೆ ಅಷ್ಟರಲ್ಲೇ ಮುಗಿಯುತ್ತದೆ. ಡಿಸ್ಕಿನಿಂದ ಕಟಕಟ ಸದ್ದು ಬಂದರೆ ವಿದ್ಯುತ್ ತೆಗೆದು ಸುಮ್ಮನಿರಿ, ಮುಂದಿನದು ರಿಕವರಿ ಲ್ಯಾಬಿನ ಕೆಲಸ.

ಸದ್ದಿಲ್ಲದೆ ಸಾಯುತ್ತಿರುವ ಡಿಸ್ಕಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ, ಇಡೀ ಡಿಸ್ಕಿನ ಇಮೇಜ್ (ಡಿಸ್ಕಿನಲ್ಲಿರುವುದೆಲ್ಲದರ ಯಥಾವತ್ ನಕಲು) ತೆಗೆಯಿರಿ. ಇಮೇಜ್ ಇಡುವ ಜಾಗ ಮೂಲ ಡಿಸ್ಕಿನ ಒಟ್ಟು ಗಾತ್ರಕ್ಕಿಂತ ಕಡಿಮೆ ಇರಬಾರದು. ಸಾಮಾನ್ಯ ನಕಲಿನಂತೆ ಇದು ಕೆಟ್ಟ ಸೆಕ್ಟರಿನಲ್ಲೇ ತಲೆ ಚಚ್ಚಿಕೊಳ್ಳುವುದಿಲ್ಲ. ಒಳ್ಳೆಯ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟವನ್ನು ಕೊನೆಗೆ ಮುಟ್ಟುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡಲು ಮರೆಯಬೇಡಿ. ಅದಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಮೂಲ ಮತ್ತು ಗುರಿಯ ಹೆಸರು ಅದಲುಬದಲಾದರೆ ಮಾತ್ರ ಇದ್ದದ್ದೂ ಹೋಗುತ್ತದೆ. ಎಂಟರ್ ಒತ್ತುವ ಮುನ್ನ ಎರಡು ಸಲ ಓದಿ.

ಇನ್ನು ಫೈಲ್. ಗಾತ್ರವನ್ನು ಬೈಟ್‌ಗಳಲ್ಲಿ ನೋಡಿ. ಸರಿಯಾಗಿ 4,29,49,67,295 ಇದ್ದರೆ ಅದು ಹಳೆಯ ಫೈಲ್ ಸಿಸ್ಟಂ ಆದ ಫ್ಯಾಟ್32ರಲ್ಲಿ ಒಂದು ಫೈಲಿಗಿರುವ ಮಿತಿ. ಉಳಿದ ಭಾಗ ಆ ಡಿಸ್ಕಿಗೆ ಬರೆದೇ ಇಲ್ಲ, ಯಾವ ಉಪಕರಣವೂ ಅದನ್ನು ತರಲಾರದು.

ಜಿಪ್ ಫೈಲಿನ ವಿಷಯಸೂಚಿ ಇರುವುದು ಕೊನೆಯಲ್ಲಿ. ಬಾಲ ತುಂಡಾದರೆ ಒಳಗಿನ ಫೈಲುಗಳು ಸರಿಯಿದ್ದರೂ ತೆರೆಯುವುದಿಲ್ಲ. ಜಿಪ್ ಕಮಾಂಡಿಗೆ ಎರಡು ದೊಡ್ಡಕ್ಷರದ ‘ಎಫ್’ ಆಯ್ಕೆ (-FF) ಕೊಟ್ಟರೆ ಅದು ಫೈಲನ್ನು ಮೊದಲಿಂದ ಜಾಲಾಡಿ ಹೊಸ ಸೂಚಿ ಕಟ್ಟುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚು ಬಳಸುವ ಟಾರ್ ಜಿಜಿಪ್ (.tar.gz) ಫೈಲಿನ ಕಥೆ ಬೇರೆ. ಇಡೀ ಫೈಲ್ ಒಂದೇ ಎಳೆಯಾದ್ದರಿಂದ ಮಧ್ಯದಲ್ಲಿ ಕೆಟ್ಟರೆ ಅಲ್ಲಿಯವರೆಗಿನದು ಸುಲಭವಾಗಿ ಸಿಗುತ್ತದೆ, ಆಮೇಲಿನದು ಕಷ್ಟ. ರಾರ್‌ನಲ್ಲಿ ರಿಕವರಿ ರೆಕಾರ್ಡ್ (ಕೆಟ್ಟ ಭಾಗ ಸರಿಪಡಿಸಲು ಇಡುವ ಹೆಚ್ಚುವರಿ ಮಾಹಿತಿ) ಉಪಯೋಗಕ್ಕೆ ಬರುವುದು ಫೈಲ್ ಕೆಡುವ ಮೊದಲೇ ಅದನ್ನು ಸೇರಿಸಿದ್ದರೆ ಮಾತ್ರ.

ಬ್ಯಾಕಪ್ ಅಳಿಸಿಹೋಗಿದ್ದರೆ ಅಳಿದ ಫೈಲು ಹುಡುಕುವ ಫೋಟೊರೆಕ್ ತಂತ್ರಾಂಶ ಇದೆ. ಹೆಸರಿನಲ್ಲಿ ಫೋಟೊ ಇದ್ದರೂ ದಾಖಲೆ, ಜಿಪ್ ಎಲ್ಲವನ್ನೂ ಹುಡುಕುತ್ತದೆ. ಫೈಲುಗಳ ಆರಂಭದ ಗುರುತು ನೋಡಿ ಹೆಕ್ಕುವುದರಿಂದ ಹಳೆಯ ಹೆಸರು, ಫೋಲ್ಡರ್ ಸಿಗುವುದಿಲ್ಲ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಬರೆಯಬೇಡಿ. ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ ಇರಲಿ: ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಸೌಲಭ್ಯ) ಚಾಲೂ ಇದ್ದರೆ ಅಳಿಸಿದ ಜಾಗ ಬಹುಬೇಗ ಖಾಲಿಯಾಗುತ್ತದೆ.

ಸಿಕ್ಕ ಫೈಲಿನ ಗಾತ್ರ ಸರಿ ಕಂಡಿತೆಂದು ನಂಬಬೇಡಿ. ಮೇಲಿನರ್ಧ ಚೆನ್ನಾಗಿದ್ದು ಕೆಳಗರ್ಧ ಬೂದುಬಣ್ಣವಾದ ಚಿತ್ರಗಳು ಇದರಲ್ಲಿ ಮಾಮೂಲು. ಎಲ್ಲವನ್ನೂ ತೆರೆದು ನೋಡುವವರೆಗೆ ಡಿಸ್ಕಿನ ಇಮೇಜ್ ಅಳಿಸಬೇಡಿ.